ಸಿ ಡ್ರೈವ್ ತುಂಬಿದಾಗ, ಬೇಡದ ಆ್ಯಪ್ ಕಾಡಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗ ಕಡೆಯ ಮನೆಗಳಲ್ಲಿರುವ ವಿಂಡೋಸ್ 11 ಲ್ಯಾಪ್‌ಟಾಪ್, ಡೆಸ್ಕ್‌ಟಾಪ್‌ಗಳಿಗಾಗಿ ಈ ಪುಟ. ವಿಂಡೋಸ್ 10ರಲ್ಲೂ ಬಹುಪಾಲು ಇದೇ ದಾರಿ, ಮೆನುಗಳ ಹೆಸರಷ್ಟೇ ಅಲ್ಲಲ್ಲಿ ಬೇರೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕಾಣುವ ಹೆಸರುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇವೆ.

ಬಿಲ್‌ನಾಗೆ 512 ಜಿಬಿ ಅಂತ ಐತಿ, ತೆರೆದು ನೋಡಿದ್ರೆ 476 ತೋರಿಸ್ತೈತಿ. ಉಳಿದದ್ದು ಎಲ್ಲಿ ಹೋಯ್ತು?

ಎಲ್ಲೂ ಹೋಗಿಲ್ಲ. ಒಂದೇ ರಾಶಿಯನ್ನು ಎರಡು ಬೇರೆ ಸೇರಿನಲ್ಲಿ ಅಳೆದ ಹಾಗೆ ಇದು. ಡಿಸ್ಕ್ ತಯಾರಿಸುವವರಿಗೆ ಒಂದು ಜಿಬಿ ಎಂದರೆ 100 ಕೋಟಿ ಬೈಟ್. ವಿಂಡೋಸ್ ಎಣಿಸುವ ಜಿಬಿಯಲ್ಲಿ 107 ಕೋಟಿ ಬೈಟ್‌ಗೂ ಸ್ವಲ್ಪ ಹೆಚ್ಚು. ಹಾಗಾಗಿ 256 ಜಿಬಿ ಡಿಸ್ಕ್ 238 ಎಂದೂ, 512 ಜಿಬಿ 476 ಎಂದೂ, 1 ಟಿಬಿ 931 ಎಂದೂ ಕಾಣುತ್ತದೆ. ಡಿ ಡ್ರೈವ್ ಇಲ್ಲದಿದ್ದರೂ ಸಿ ಡ್ರೈವ್ ಅದಕ್ಕಿಂತಲೂ ಕಡಿಮೆ ತೋರಿಸುತ್ತಿದ್ದರೆ ಸಾಮಾನ್ಯವಾಗಿ ಕಂಪನಿಯ ರಿಕವರಿ ಪಾರ್ಟಿಷನ್ (ವಿಂಡೋಸನ್ನು ಮತ್ತೆ ಹಾಕಲು ಮೀಸಲಿಟ್ಟ ಭಾಗ) ಇದೆ ಎಂದರ್ಥ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದೊಂದೇ 10ರಿಂದ 20 ಜಿಬಿ ಇರುತ್ತದೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಎಲ್ಲ ಭಾಗಗಳೂ ಸಾಲಾಗಿ ಕಾಣುತ್ತವೆ. ನೋಡಿ ಮುಚ್ಚಿಬಿಡಿ, ಅಲ್ಲಿ ಏನನ್ನೂ ಡಿಲೀಟ್ ಮಾಡಬೇಡಿ.

ಸಿ ಡ್ರೈವ್ ಕೆಂಪಗಾಗೈತಿ. ಮೊದಲು ಯಾವುದನ್ನ ಅಳಿಸ್ಬೇಕು?

ಮೊದಲು ಯಾವುದನ್ನೂ ಅಳಿಸಬೇಡಿ. ಜಾಗ ಎಲ್ಲಿ ಹೋಗಿದೆ ಎಂದು ನೋಡಿ. ಹೆಚ್ಚಿನವರು ನೇರವಾಗಿ ಆ್ಯಪ್‌ಗಳ ಪಟ್ಟಿಗೆ ಹೋಗಿ ನಾಲ್ಕಾರು ಆಟ ತೆಗೆದು, ಅರ್ಧ ಜಿಬಿ ಕೂಡ ಸಿಗದೆ ಬೇಸರಪಡುತ್ತಾರೆ. ಮನೆ ಕಂಪ್ಯೂಟರ್‌ನಲ್ಲಿ ಜಾಗ ತಿನ್ನುವುದು ಕಂಪನಿ ಹಾಕಿ ಕೊಟ್ಟ ಸಾಫ್ಟ್‌ವೇರ್ ಅಲ್ಲ, ನಾವೇ ತಂದಿಟ್ಟ ಫೈಲುಗಳು. ಕಂಪನಿಯ ಸಾಫ್ಟ್‌ವೇರ್ ತಿನ್ನುವುದು ಬೇರೆಯದನ್ನು: ಆನ್ ಆಗುವ ಹೊತ್ತನ್ನು, ರ‍್ಯಾಮನ್ನು, ನಿಮ್ಮ ತಾಳ್ಮೆಯನ್ನು. ಎರಡಕ್ಕೂ ಮದ್ದು ಬೇರೆ ಬೇರೆ.

ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್ ತೆರೆದು ಒಂದು ನಿಮಿಷ ಕಾಯಿರಿ. ಆ್ಯಪ್, ಡಾಕ್ಯುಮೆಂಟ್ಸ್, ಟೆಂಪರರಿ ಫೈಲ್ಸ್ ಎಂದು ಪಟ್ಟಿಯಾಗಿ ಬರುತ್ತದೆ. ಇದು ಒರಟು ಲೆಕ್ಕ. ನಿಖರವಾಗಿ ಬೇಕಾದರೆ ವಿಝ್‌ಟ್ರೀ ಅಥವಾ ವಿನ್‌ಡರ್‌ಸ್ಟ್ಯಾಟ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ವಿಝ್‌ಟ್ರೀ ಡಿಸ್ಕಿನ ಫೈಲ್ ಸೂಚಿಯನ್ನೇ ನೇರವಾಗಿ ಓದುವುದರಿಂದ ಕೆಲವೇ ಸೆಕೆಂಡಿನಲ್ಲಿ ಮುಗಿಸುತ್ತದೆ. ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳಿದರೆ ಕೊಡಿ. ದೊಡ್ಡ ಫೋಲ್ಡರ್ ಮೇಲೆ, ಚಿಕ್ಕದು ಕೆಳಗೆ ಬರುತ್ತದೆ. ಮೇಲಿನ ಹತ್ತು ಸಾಲು ಓದಿದರೆ ಸಾಕು.

ಅಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುವವರು: ಡೌನ್‌ಲೋಡ್ಸ್ ಫೋಲ್ಡರ್, ಫೋನಿನಿಂದ ಎರಡು ಮೂರು ಸಲ ಕಾಪಿಯಾದ ಫೋಟೊಗಳು, ಮದುವೆ ವಿಡಿಯೊ, ವಾಟ್ಸಾಪ್ ಡೆಸ್ಕ್‌ಟಾಪ್‌ನ ಮೀಡಿಯಾ. ಎಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಯಾದರೆ ಫೋನಿನ ಆ್ಯಪ್ ತಯಾರಿಸುವ ಆಂಡ್ರಾಯ್ಡ್ ಸ್ಟುಡಿಯೊದ ಎಮ್ಯುಲೇಟರ್, ಅಂದರೆ ಕಂಪ್ಯೂಟರಿನೊಳಗೇ ಓಡುವ ಅಣಕು ಫೋನ್. ಸ್ಟುಡಿಯೊವನ್ನು ಅನ್‌ಇನ್‌ಸ್ಟಾಲ್ ಮಾಡಿದರೂ ಎಮ್ಯುಲೇಟರ್‌ನ ನಕಲುಗಳು ಯೂಸರ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ‘.ಆಂಡ್ರಾಯ್ಡ್’ ಫೋಲ್ಡರ್‌ನಲ್ಲಿ ಹಾಗೇ ಉಳಿದಿರುತ್ತವೆ, ಒಂದೊಂದೂ ಹಲವು ಜಿಬಿ.

ಟೆಂಪರರಿ ಫೈಲ್ಸ್ ಪಟ್ಟಿಯಲ್ಲಿ ಎಲ್ಲಕ್ಕೂ ಟಿಕ್ ಹಾಕಿ ಅಳಿಸಬಹುದಾ?

ಎರಡನ್ನು ನೋಡಿಕೊಂಡು. ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂಬ ಸಾಲೂ ಇರುತ್ತದೆ. ಅದಕ್ಕೆ ಟಿಕ್ ಹಾಕಿದರೆ ನಿಮ್ಮ ಪಹಣಿ, ಅಂಕಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಹೋಗುತ್ತವೆ, ರೀಸೈಕಲ್ ಬಿನ್‌ನಲ್ಲೂ ಸಿಗುವುದಿಲ್ಲ. ತಾನಾಗಿ ಅದಕ್ಕೆ ಟಿಕ್ ಇರುವುದಿಲ್ಲ, ನೀವೂ ಹಾಕಬೇಡಿ. ಎರಡನೆಯದು ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಷನ್. ವಿಂಡೋಸ್ 10ರಿಂದ 11ಕ್ಕೆ ಏರಿದ ಮೇಲೆ ಹಳೆಯದು ವಿಂಡೋಸ್ ಓಲ್ಡ್ ಎಂಬ ಫೋಲ್ಡರಿನಲ್ಲಿ ಉಳಿದಿರುತ್ತದೆ, 15-20 ಜಿಬಿ ಇದ್ದರೂ ಆಶ್ಚರ್ಯವಿಲ್ಲ. ಹೊಸದು ಸರಿಹೋಗದೆ ಹಿಂದಕ್ಕೆ ಹೋಗಬೇಕಾದರೆ ಅದು ಬೇಕು. 10 ದಿನ ಆದ ಮೇಲೆ ವಿಂಡೋಸ್ ತಾನೇ ಅದನ್ನು ಅಳಿಸುತ್ತದೆ. ಪ್ರಿಂಟರ್, ಸ್ಕ್ಯಾನರ್ ಎಲ್ಲ ನಡೆಯುತ್ತಿದೆಯೇ ನೋಡಿಕೊಂಡು ಬೇಕಾದರೆ ಮೊದಲೇ ತೆಗೆಯಿರಿ.

ವಿಂಡೋಸ್ ಅಪ್‌ಡೇಟ್ ಕ್ಲೀನಪ್, ಡೆಲಿವರಿ ಆಪ್ಟಿಮೈಸೇಷನ್, ಥಂಬ್‌ನೇಲ್ಸ್ ಇವನ್ನು ಧಾರಾಳವಾಗಿ ಅಳಿಸಿ.

ಡೌನ್‌ಲೋಡ್ಸ್ ಫೋಲ್ಡರ್ ನೋಡಿದ್ರೆ ತಲೆ ತಿರುಗುತ್ತೆ. ಎಲ್ಲಿಂದ ಶುರು ಮಾಡೋದು?

ವೀವ್‌ನಲ್ಲಿ ಡೀಟೇಲ್ಸ್ ಆರಿಸಿ, ಸೈಜ್ ಎಂಬ ತಲೆಬರಹದ ಮೇಲೆ ಒತ್ತಿ. ದೊಡ್ಡವು ಮೇಲೆ ಬರುತ್ತವೆ. ಇನ್‌ಸ್ಟಾಲರ್‌ಗಳು, ಅಂದರೆ ಕೆಲಸ ಮುಗಿದ ಸೆಟಪ್ ಫೈಲುಗಳು ಮತ್ತು ಬಿಡಿಸಿ ಆದ ಝಿಪ್‌ಗಳನ್ನು ಮೊದಲು ತೆಗೆಯಿರಿ.

ನಂತರ ಹೆಸರಿನ ಪ್ರಕಾರ ಜೋಡಿಸಿ. ಒಂದೇ ಪಹಣಿಯ ಪಿಡಿಎಫ್ ಹೆಸರಿನ ಕೊನೆಗೆ (1), (2), (7) ಎಂದು ಸಾಲಾಗಿ ನಿಂತಿರುತ್ತದೆ. ವಾಟ್ಸಾಪ್ ವೆಬ್‌ನಲ್ಲಿ ಪ್ರತಿ ಸಲ ಒತ್ತಿದಾಗಲೂ ಹೊಸ ಪ್ರತಿ ಇಳಿಯುವುದೇ ಕಾರಣ. ಪಿಡಿಎಫ್‌ಗಳಿಂದ ಜಾಗ ಅಷ್ಟೇನೂ ಉಳಿಯದು, ಆದರೆ ಬೇಕಾದಾಗ ಸರಿಯಾದದ್ದು ಸಿಗುತ್ತದೆ. ವಾಟ್ಸಾಪ್ ಡೆಸ್ಕ್‌ಟಾಪ್ ಬಳಸುವವರು ಅದರ ಸೆಟ್ಟಿಂಗ್ಸ್‌ನಲ್ಲಿ ವಿಡಿಯೊಗಳ ಆಟೊ ಡೌನ್‌ಲೋಡ್ ನಿಲ್ಲಿಸಿ. ನಾಲ್ಕು ಕುಟುಂಬ ಗ್ರೂಪು, ಒಂದು ಬೀದಿ ಗ್ರೂಪು ಇದ್ದರೆ ಬೆಳಗಿನ ಶುಭೋದಯಗಳೇ ವರ್ಷಕ್ಕೆ ಎಷ್ಟೋ ಜಿಬಿ.

ಮದುವೆ ವಿಡಿಯೊ ಕಂಪ್ಯೂಟರ್‌ನಲ್ಲೇ ಇಡಬೇಕಾ?

ಸಿ ಡ್ರೈವ್‌ನಲ್ಲಿ ಬೇಡವೇ ಬೇಡ. ಲೆಕ್ಕ ನೋಡಿ: ಕ್ಯಾಮೆರಾದಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ತೆಗೆದ 4ಕೆ ವಿಡಿಯೊ ಒಂದು ಗಂಟೆಗೆ 45 ಜಿಬಿ. ಅರಿಶಿನಶಾಸ್ತ್ರದಿಂದ ಆರತಕ್ಷತೆವರೆಗೆ ಆರು ಗಂಟೆಯ ಮೂಲ ಚಿತ್ರಣ ಪಡೆದರೆ 270 ಜಿಬಿ, ಅಂದರೆ 256 ಜಿಬಿ ಲ್ಯಾಪ್‌ಟಾಪ್‌ಗೆ ಹಿಡಿಸುವುದೇ ಇಲ್ಲ. ಎಡಿಟ್ ಮಾಡಿ 20 ಮೆಗಾಬಿಟ್ ದರದಲ್ಲಿ ಕೊಟ್ಟದ್ದಾದರೆ ಗಂಟೆಗೆ 9 ಜಿಬಿ ಮಾತ್ರ. ಚಿತ್ರದುರ್ಗದ ಕೋಟೆ ಹತ್ತಿ ಫೋನಿನಲ್ಲಿ ತೆಗೆದ 4ಕೆ ವಿಡಿಯೊ ಕೂಡ ನಿಮಿಷಕ್ಕೆ 170ರಿಂದ 350 ಎಂಬಿ ನುಂಗುತ್ತದೆ.

1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತೆಗೆದುಕೊಂಡು ಮೂಲ ಚಿತ್ರಣವನ್ನು ಅದಕ್ಕೆ ಸಾಗಿಸಿ. ಒಂದೇ ಡಿಸ್ಕ್‌ನಲ್ಲಿದ್ದರೆ ಅದು ಬ್ಯಾಕಪ್ ಅಲ್ಲ, ಜಾಗ ಬದಲಾಯಿಸಿದ್ದು ಅಷ್ಟೇ. ಇನ್ನೊಂದು ಪ್ರತಿ ಬೀಗರ ಮನೆಯಲ್ಲಿರಲಿ. ಪೆನ್‌ಡ್ರೈವ್‌ನಲ್ಲಿ ವರ್ಷಗಟ್ಟಲೆ ಇಡಬೇಡಿ, ಅದು ಸಾಗಿಸುವ ಚೀಲ, ಕಣಜವಲ್ಲ.

6 ಜಿಬಿ ಫೈಲು ಪೆನ್‌ಡ್ರೈವ್‌ಗೆ ಹೋಗ್ತಿಲ್ಲ. ಜಾಗ ಇದ್ರೂ ಇಲ್ಲ ಅಂತೈತಿ?

ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿದೆ. ಅದರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಒಳಗಿದ್ದದ್ದನ್ನು ಬೇರೆಡೆ ಇಳಿಸಿಕೊಂಡು ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿ.

ಕೈಯಿಂದ ಅಳಿಸಲೇಬಾರದ ಫೋಲ್ಡರ್ ಯಾವುವು?

ವಿಂಡೋಸ್ ಫೋಲ್ಡರಿನೊಳಗಿನ ವಿನ್‌ಎಸ್‌ಎಕ್ಸ್‌ಎಸ್ ಮತ್ತು ಇನ್‌ಸ್ಟಾಲರ್, ಪ್ರೋಗ್ರಾಂ ಫೈಲ್ಸ್‌ನೊಳಗಿನ ವಿಂಡೋಸ್‌ಆ್ಯಪ್ಸ್. ವಿನ್‌ಎಸ್‌ಎಕ್ಸ್‌ಎಸ್ 10 ಜಿಬಿ ಮೇಲೆ ತೋರಿಸಿದರೂ ನಿಜವಾದ ಗಾತ್ರ ಅಷ್ಟಿರುವುದಿಲ್ಲ. ಒಂದೇ ಫೈಲಿಗೆ ಎರಡು ಕಡೆ ಹೆಸರು ಇರುವುದರಿಂದ ಎರಡು ಸಲ ಎಣಿಕೆಯಾಗುತ್ತದೆ. ಇನ್‌ಸ್ಟಾಲರ್ ಫೋಲ್ಡರ್ ಅಳಿಸಿದವರಿಗೆ ತೊಂದರೆ ಅಂದೇ ಗೊತ್ತಾಗುವುದಿಲ್ಲ. ಆರು ತಿಂಗಳ ನಂತರ ಆಫೀಸ್ ಅಥವಾ ಪ್ರಿಂಟರ್ ಸಾಫ್ಟ್‌ವೇರನ್ನು ಅಪ್‌ಡೇಟ್ ಮಾಡಲು ಹೋದಾಗ ‘ಮೂಲ ಫೈಲು ಎಲ್ಲಿ’ ಎಂದು ಕೇಳುತ್ತದೆ. ಆಗ ಅದು ಮುಂದಕ್ಕೂ ಹೋಗದು, ತೆಗೆಯಲೂ ಬಾರದು.

ಹೈಬರ್‌ಫಿಲ್ ಅನ್ನೋ ಫೈಲು 6 ಜಿಬಿ ಐತಿ. ಅದು ಏನು?

ಹೈಬರ್ನೇಟ್ ಮಾಡಿದಾಗ, ಅಂದರೆ ತೆರೆದ ಕೆಲಸವನ್ನು ಹಾಗೇ ಉಳಿಸಿ ಕಂಪ್ಯೂಟರ್ ಆರಿಸಿದಾಗ, ರ‍್ಯಾಮ್‌ನಲ್ಲಿರುವುದನ್ನು ಬರೆದಿಡುವ ಜಾಗ. ರ‍್ಯಾಮ್‌ನ ಸುಮಾರು ಶೇ. 40ರಷ್ಟು ಇರುತ್ತದೆ, 16 ಜಿಬಿ ರ‍್ಯಾಮ್‌ಗೆ 6.4 ಜಿಬಿ. ಕೈಯಿಂದ ಅಳಿಸಲು ಬರುವುದಿಲ್ಲ. ತೆಗೆಯಬೇಕಾದರೆ ಕಮ್ಯಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಇಂಗ್ಲಿಷಿನಲ್ಲಿ ಹೀಗೆ ಬರೆಯಿರಿ: ಪಿ-ಒ-ಡಬ್ಲ್ಯು-ಇ-ಆರ್-ಸಿ-ಎಫ್-ಜಿ, ಒಂದು ಸ್ಪೇಸ್, ಸ್ಲ್ಯಾಶ್, ಎಚ್, ಮತ್ತೆ ಸ್ಪೇಸ್, ಒ-ಎಫ್-ಎಫ್. ಎಂಟರ್ ಒತ್ತಿದ ಕೂಡಲೇ ಫೈಲು ಮಾಯ. ಮತ್ತೆ ಬೇಕಾದರೆ ಕೊನೆಗೆ ಆಫ್ ಬದಲು ಆನ್.

ಡೆಸ್ಕ್‌ಟಾಪ್‌ಗೆ ಇದು ಸರಿ, ಬೇಗ ಆನ್ ಆಗುವ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಮಾತ್ರ ಜೊತೆಗೇ ಹೋಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ನಾವು ಬೇಡ ಎನ್ನುತ್ತೇವೆ. ಬೇಸಿಗೆಯಲ್ಲಿ ಬೆಸ್ಕಾಂ ಕರೆಂಟ್ ಹೋಗಿ ಬ್ಯಾಟರಿ ತಳ ಕಂಡಾಗ, ಬರೆಯುತ್ತಿದ್ದದ್ದನ್ನು ಉಳಿಸಿ ಮಲಗುವುದು ಇದೇ ಫೈಲಿನ ನೆರವಿನಿಂದ.

ಸಿ ಡ್ರೈವ್ 100 ಜಿಬಿ ತುಂಬೈತಿ, ಡಿ ಡ್ರೈವ್ ಖಾಲಿ ಬಿದ್ದೈತಿ. ಅತ್ತಿಂದ ಇತ್ತ ಜಾಗ ತರೋದು ಹೆಂಗೆ?

ಒಂದೇ ಡಿಸ್ಕನ್ನು ಅಂಗಡಿಯಲ್ಲಿ ಎರಡು ಭಾಗ ಮಾಡಿ ಕೊಟ್ಟಿರುತ್ತಾರೆ. ಹಳೆಯ ರೂಢಿ ಅದು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಮೇಲೆ ರೈಟ್ ಕ್ಲಿಕ್ ಮಾಡಿದರೆ ಎಕ್ಸ್‌ಟೆಂಡ್ ವಾಲ್ಯೂಮ್ ಮಂಕಾಗಿರುತ್ತದೆ, ಏಕೆಂದರೆ ಖಾಲಿ ಜಾಗ ಸಿ-ಯ ಬಲಕ್ಕೆ ಅಂಟಿಕೊಂಡೇ ಇರಬೇಕು. ಡಿ-ಯನ್ನು ಕುಗ್ಗಿಸಿದರೆ ಜಾಗ ಹುಟ್ಟುವುದು ಡಿ-ಯ ಆಚೆ ಬದಿಗೆ. ನಡುವೆ ರಿಕವರಿ ಭಾಗ ಕೂತಿದ್ದರೆ ಇನ್ನೂ ತೊಡಕು. ಡಿ-ಯನ್ನು ಪೂರ್ತಿ ಅಳಿಸಿದರೆ ಮಾತ್ರ ಸಲೀಸು, ಅದಕ್ಕೆ ಮೊದಲು ಅಲ್ಲಿರುವುದೆಲ್ಲ ಹೊರಗಿನ ಡಿಸ್ಕ್‌ಗೆ ಹೋಗಿರಬೇಕು. ಪಾರ್ಟಿಷನ್ ಸರಿಸುವ ಬೇರೆ ತಂತ್ರಾಂಶಗಳಿವೆ. ಕೆಲಸದ ನಡುವೆ ಕರೆಂಟ್ ಹೋದರೆ ಎರಡೂ ಭಾಗ ಕೈಬಿಡಬಹುದು, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಕೈಹಾಕಬೇಡಿ.

ಇದಕ್ಕಿಂತ ಸುಲಭದ್ದು, ಫೋಲ್ಡರುಗಳನ್ನೇ ಡಿ-ಗೆ ಕಳಿಸುವುದು. ಮೊದಲು ಡಿ-ಯಲ್ಲಿ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್ ಎಂದು ಮೂರು ಖಾಲಿ ಫೋಲ್ಡರ್ ಮಾಡಿ. ಆಮೇಲೆ ಸಿ-ಯಲ್ಲಿರುವ ಡಾಕ್ಯುಮೆಂಟ್ಸ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಲೊಕೇಷನ್, ಮೂವ್. ಹೊಸ ಫೋಲ್ಡರನ್ನು ತೋರಿಸಿ ಯೆಸ್ ಎನ್ನಿ. ಇಲ್ಲಿ ಎಡವುವವರು ಬಹಳ: ಫೋಲ್ಡರ್ ಮಾಡದೆ ಬರೀ ಡಿ ಡ್ರೈವನ್ನೇ ತೋರಿಸುತ್ತಾರೆ. ಆಗ ಇಡೀ ಡಿ ಡ್ರೈವೇ ‘ಡಾಕ್ಯುಮೆಂಟ್ಸ್’ ಆಗಿ ಕೂತುಬಿಡುತ್ತದೆ, ಹಿಂದಕ್ಕೆ ತರುವುದು ಹರಸಾಹಸ.

ಒನ್‌ಡ್ರೈವ್‌ನಲ್ಲಿ ಐತಲ್ಲ ಅಂತ ಕಂಪ್ಯೂಟರ್‌ನಲ್ಲಿ ಅಳಿಸಿದೆ. ಎರಡೂ ಕಡೆ ಹೋಯ್ತು!

ಒನ್‌ಡ್ರೈವ್ ಫೋಲ್ಡರ್ ಒಂದು ಕನ್ನಡಿ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಮನೆ ಬಳಕೆಯ ಖಾತೆಯಾದರೆ ವೆಬ್‌ಸೈಟಿನ ರೀಸೈಕಲ್ ಬಿನ್‌ನಲ್ಲಿ 30 ದಿನ ಇರುತ್ತದೆ, ಬೇಗ ಹೋಗಿ ತೆಗೆದುಕೊಳ್ಳಿ. ಕಂಪ್ಯೂಟರ್‌ನಲ್ಲಿ ಜಾಗ ಮಾತ್ರ ಬೇಕಿದ್ದರೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಫ್ರೀ ಅಪ್ ಸ್ಪೇಸ್ ಆರಿಸಬೇಕು. ಹಸಿರು ಟಿಕ್ ಹೋಗಿ ನೀಲಿ ಮೋಡದ ಗುರುತು ಬಂದರೆ ಫೈಲು ಮೇಲಿದೆ ಎಂದರ್ಥ. ತೆರೆಯಲು ಇಂಟರ್ನೆಟ್ ಬೇಕು. ಉಚಿತ ಜಾಗ 5 ಜಿಬಿ ಮಾತ್ರ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ನಿಮಗೆ ತಿಳಿಯದ ಹಾಗೆ ಅದಕ್ಕೆ ಸೇರಿ 5 ಜಿಬಿ ತುಂಬಿದ ಎಚ್ಚರಿಕೆ ಬರತೊಡಗುತ್ತದೆ. ಒನ್‌ಡ್ರೈವ್ ಸೆಟ್ಟಿಂಗ್ಸ್, ಮ್ಯಾನೇಜ್ ಬ್ಯಾಕಪ್‌ನಲ್ಲಿ ನಿಲ್ಲಿಸಬಹುದು.

ಹೊಸ ಲ್ಯಾಪ್‌ಟಾಪ್ ಜೊತೆ ಬಂದ ಸಾಫ್ಟ್‌ವೇರ್‌ಗಳಲ್ಲಿ ಯಾವುದು ತೆಗೀಬೇಕು, ಯಾವುದು ಬಿಡಬೇಕು?

ಸೆಟ್ಟಿಂಗ್ಸ್, ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್ ತೆರೆಯಿರಿ. ಮೂರು ಜಾತಿ ಕಾಣುತ್ತವೆ.

ಆಟ, ಜಾಹೀರಾತಿನಂಥವು: ಕ್ಯಾಂಡಿ ಕ್ರಶ್, ಲಿಂಕ್ಡ್‌ಇನ್ ಇತ್ಯಾದಿ. ಸ್ಟಾರ್ಟ್ ಮೆನುವಿನಲ್ಲಿ ಕಾಣುವ ಎಷ್ಟೋ ಚಿತ್ರಗಳು ಬರೀ ಕೊಂಡಿಗಳು, ಒತ್ತಿದರೆ ಆಗ ಇಳಿಯುತ್ತವೆ. ಯೋಚಿಸದೆ ತೆಗೆಯಿರಿ, ಬೇಕಾದರೆ ಸ್ಟೋರ್‌ನಲ್ಲಿ ಮತ್ತೆ ಸಿಗುತ್ತವೆ.

ಗಡುವಿನ ಆಂಟಿವೈರಸ್: ಮ್ಯಾಕಫಿ, ನಾರ್ಟನ್ ಮುಂತಾದವು. ದುಡ್ಡು ಕೊಟ್ಟು ಮುಂದುವರಿಸುವುದಿಲ್ಲ ಎಂದಾದರೆ ಮೊದಲ ದಿನವೇ ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ. ವಿಂಡೋಸಿನದೇ ಡಿಫೆಂಡರ್ ತಾನಾಗಿ ಎಚ್ಚರಗೊಳ್ಳುತ್ತದೆ. ವಿಂಡೋಸ್ ಸೆಕ್ಯೂರಿಟಿ ತೆರೆದು ಹಸಿರು ಟಿಕ್ ಇದೆಯೇ ನೋಡಿ. ಫೋಲ್ಡರನ್ನು ಕೈಯಿಂದ ಅಳಿಸುವ ದಾರಿ ಹಿಡಿಯಬೇಡಿ. ಬಾಲ ಉಳಿದುಕೊಂಡರೆ ಆ ಕಂಪನಿಯವರದೇ ತೆಗೆಯುವ ಸಾಧನ ಅವರ ವೆಬ್‌ಸೈಟಿನಲ್ಲಿ ಸಿಗುತ್ತದೆ.

ಲ್ಯಾಪ್‌ಟಾಪ್ ಕಂಪನಿಯ ಸ್ವಂತ ಸಾಧನಗಳು: ಲೆನೊವೊ ವಾಂಟೇಜ್, ಮೈಆಸುಸ್, ಡೆಲ್ ಸಪೋರ್ಟ್‌ಅಸಿಸ್ಟ್, ಎಚ್‌ಪಿ ಸಪೋರ್ಟ್ ಅಸಿಸ್ಟೆಂಟ್. ಇಲ್ಲಿ ಅವಸರ ಬೇಡ. ವಾಂಟೇಜ್, ಮೈಆಸುಸ್‌ಗಳಲ್ಲಿ ಬ್ಯಾಟರಿ ಶೇ. 80ರ ಆಸುಪಾಸಿನಲ್ಲೇ ಚಾರ್ಜ್ ನಿಲ್ಲಿಸುವ ವ್ಯವಸ್ಥೆಯಿದೆ. ಹಗಲಿಡೀ ಚಾರ್ಜರ್ ಹಾಕಿಯೇ ಬಳಸುವ ಮನೆಗೆ ಅದು ಬೇಕು. ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡ್‌ನ ಮೂಲ ತಂತ್ರಾಂಶ) ಅಪ್‌ಡೇಟ್ ಬರುವುದೂ ಇವುಗಳ ಮೂಲಕ. ಹೆಸರಿನಲ್ಲಿ ಹಾಟ್‌ಕೀ, ಆಡಿಯೊ, ಟಚ್‌ಪ್ಯಾಡ್, ಗ್ರಾಫಿಕ್ಸ್ ಎಂದಿರುವ ಯಾವುದನ್ನೂ ತೆಗೆಯಬೇಡಿ. ತೆಗೆದರೆ ಬೆಳಕು ಹೆಚ್ಚುಕಡಿಮೆ ಮಾಡುವ ಗುಂಡಿ ಕೆಲಸ ಬಿಡಬಹುದು.

ತೆಗೆಯಲು ಮನಸ್ಸಾಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಸ್ಟಾರ್ಟಪ್ ಆ್ಯಪ್ಸ್‌ನಲ್ಲಿ ಡಿಸೇಬಲ್ ಮಾಡಿ. 8 ಜಿಬಿ ರ‍್ಯಾಮ್‌ನ ಸಿಸ್ಟಂಗೆ ಇದೇ ದೊಡ್ಡ ಉಪಕಾರ. ಆಫೀಸ್ ಜೊತೆಗೇ ಬಂದಿದ್ದರೆ ಅಳಿಸುವ ಮೊದಲು ವರ್ಡ್ ತೆರೆದು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಕೊಳ್ಳಿ. ಅದು ಗಡುವಿನದೋ, ಲ್ಯಾಪ್‌ಟಾಪ್ ಬೆಲೆಯಲ್ಲೇ ಸೇರಿ ಬಂದ ಪೂರ್ತಿ ಲೈಸೆನ್ಸೋ ಅಲ್ಲಿ ತಿಳಿಯುತ್ತದೆ.

ಆಂಟಿವೈರಸ್ ತೆಗೆದ್ರೂ ಮೂಲೆಯಲ್ಲಿ ‘5 ವೈರಸ್ ಇವೆ’ ಅಂತ ಬರ್ತಾನೇ ಐತಿ?

ಅದು ಬ್ರೌಸರ್ ನೋಟಿಫಿಕೇಷನ್. ಯಾವುದೋ ಸೈಟಿನಲ್ಲಿ ಅಲೋ ಒತ್ತಿದ್ದೀರಿ. ಕ್ರೋಮ್ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್‌ನಲ್ಲಿ ಗುರುತಿಲ್ಲದ ಹೆಸರುಗಳನ್ನೆಲ್ಲ ತೆಗೆಯಿರಿ. ಆ ಎಚ್ಚರಿಕೆಯ ಮೇಲೆ ಮಾತ್ರ ಒತ್ತಬೇಡಿ.

ಒಂದೇ ಕ್ಲಿಕ್‌ಗೆ ಎಲ್ಲ ಸ್ವಚ್ಛ ಮಾಡೋ ಕ್ಲೀನರ್, ಡಿಬ್ಲೋಟ್ ಸ್ಕ್ರಿಪ್ಟ್ ಹಾಕಬಹುದಾ?

ಬೇಡ. ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ದಫ್ತರ, ಸ್ವಚ್ಛ ಮಾಡುವುದರಿಂದ ಜಾಗವೂ ಸಿಗದು, ವೇಗವೂ ಹೆಚ್ಚದು. 2017ರಲ್ಲಿ ಸಿಕ್ಲೀನರ್ ಎಂಬ ಕ್ಲೀನರ್‌ನ 5.33 ಆವೃತ್ತಿಯೊಳಗೇ ದಾಳಿಕೋರರು ಕೆಟ್ಟ ಕೋಡ್ ಸೇರಿಸಿ, ಅದು ಅಧಿಕೃತ ಡೌನ್‌ಲೋಡ್ ಮೂಲಕವೇ ಹಂಚಿಕೆಯಾಗಿತ್ತು. ಬೇಡದ ಆ್ಯಪ್‌ಗಳನ್ನು ಒಟ್ಟಿಗೇ ಕೀಳುವ ಡಿಬ್ಲೋಟ್ ಸ್ಕ್ರಿಪ್ಟ್‌ಗಳು ವೆಬ್‌ವ್ಯೂ, ವಿಸಿಲಿಬ್ಸ್‌ನಂಥ ಆಧಾರದ ಭಾಗಗಳನ್ನೂ ಕಿತ್ತರೆ ಇವುಗಳನ್ನು ನಂಬಿದ ಬೇರೆ ಆ್ಯಪ್‌ಗಳು ತೆರೆಯುವುದೇ ಇಲ್ಲ. ಕೈಯಿಂದ ಒಂದೊಂದೇ ತೆಗೆಯಲು ಅರ್ಧ ಗಂಟೆ ಸಾಕು.

ಎಸ್‌ಎಸ್‌ಡಿಗೆ ಡಿಫ್ರಾಗ್ ಮಾಡ್ಬೇಕಾ?

ಇಲ್ಲ. ಚದುರಿದ ಫೈಲುಗಳನ್ನು ಒಟ್ಟು ಮಾಡುವ ಡಿಫ್ರಾಗ್ ತಿರುಗುವ ಹಾರ್ಡ್ ಡಿಸ್ಕ್‌ಗೆ ಮಾತ್ರ. ಚಿಪ್‌ನಿಂದಾದ ಎಸ್‌ಎಸ್‌ಡಿಗೆ ವಿಂಡೋಸ್ ತಾನೇ ಟ್ರಿಮ್ ಮಾಡಿಕೊಳ್ಳುತ್ತದೆ, ಅಂದರೆ ಅಳಿಸಿದ ಜಾಗ ಯಾವುದೆಂದು ಅದಕ್ಕೆ ತಿಳಿಸುತ್ತದೆ. ನೀವು ಶೇ. 15-20 ಜಾಗ ಖಾಲಿ ಬಿಡಿ, 256 ಜಿಬಿಗೆ ಸುಮಾರು 40 ಜಿಬಿ. ತುಂಬಿ ತುಳುಕುವ ಎಸ್‌ಎಸ್‌ಡಿಯಲ್ಲಿ ಬರೆಯುವ ವೇಗ ಕುಸಿಯುತ್ತದೆ.

ಫಾರ್ಮ್ಯಾಟ್ ಹೊಡೆಸೋ ಮುಂಚೆ ಏನೇನು ತೆಗೆದಿಟ್ಟುಕೊಳ್ಳಬೇಕು?

ಫೋಟೊ, ಡಾಕ್ಯುಮೆಂಟ್ ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಈ ಮೂರು.

ಟ್ಯಾಲಿ. ಮೆಕ್ಕೆಜೋಳ, ಅಡಿಕೆ ವ್ಯಾಪಾರದ ಲೆಕ್ಕ ಮನೆ ಲ್ಯಾಪ್‌ಟಾಪ್‌ನಲ್ಲೇ ಇಟ್ಟವರು ಇಲ್ಲಿ ಬಹಳ. ಟ್ಯಾಲಿಯ ಡೇಟಾ ಡಾಕ್ಯುಮೆಂಟ್ಸ್‌ನಲ್ಲಿ ಇರುವುದಿಲ್ಲ. ಸಾಮಾನ್ಯವಾಗಿ ಸಿ ಡ್ರೈವ್‌ನ ಯೂಸರ್ಸ್, ಪಬ್ಲಿಕ್ ಒಳಗೆ ಅಥವಾ ಹಾಕಿಕೊಟ್ಟವರು ಆರಿಸಿದ ಬೇರೆ ಕಡೆ ಇರುತ್ತದೆ. ಕಂಪನಿಯ ಹೆಸರಿನ ಬದಲು 10000ದಂಥ ಬರೀ ಅಂಕಿಯ ಫೋಲ್ಡರ್ ಅದು. ಕಸವೆಂದು ಅದನ್ನು ಅಳಿಸಿದರೆ ವರ್ಷದ ಲೆಕ್ಕವೇ ಹೋದಂತೆ. ಟ್ಯಾಲಿಯೊಳಗಿಂದಲೇ ಬ್ಯಾಕಪ್ ತೆಗೆದು ಪೆನ್‌ಡ್ರೈವ್‌ಗೆ ಹಾಕಿ, ಲೈಸೆನ್ಸ್ ಸರೆಂಡರ್ ಮಾಡಿ, ಆಮೇಲೆ ಫಾರ್ಮ್ಯಾಟ್.

ನುಡಿ, ಬರಹ. ಹಳೆಯ ನುಡಿ ಅಕ್ಷರಗಳಲ್ಲಿ ಬರೆದ ಅರ್ಜಿ, ಪತ್ರಗಳು ಫಾರ್ಮ್ಯಾಟ್ ಆದ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆಯುತ್ತವೆ. ಫೈಲು ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೇ. ನುಡಿ ಮತ್ತೆ ಹಾಕಿದರೆ ಸರಿಹೋಗುತ್ತದೆ. ಹಾಗೆ ಕಂಡಾಗ ಗಾಬರಿಯಲ್ಲಿ ಅದರ ಮೇಲೇ ತಿದ್ದಿ ಸೇವ್ ಮಾಡಬೇಡಿ.

ಬಿಟ್‌ಲಾಕರ್ ಕೀ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕ ಕೂಡಲೇ ಡಿಸ್ಕ್‌ಗೆ ಬೀಗ ಬಿದ್ದಿರಬಹುದು. ಬಯಾಸ್‌ನಲ್ಲಿ ಏನಾದರೂ ಬದಲಾಯಿಸಿದಾಗ, ಡಿಸ್ಕ್ ಬಿಚ್ಚಿ ಬೇರೆಡೆ ಹಾಕಿದಾಗ 48 ಅಂಕಿಯ ಕೀ ಕೇಳುತ್ತದೆ. ಖಾತೆಯ ಪುಟದಲ್ಲಿ ಡಿವೈಸಸ್ ಕೆಳಗೆ ಅದು ಸಿಗುತ್ತದೆ. ಕಾಗದದ ಮೇಲೆ ಬರೆದಿಡಿ. ಕೀ ಇಲ್ಲದಿದ್ದರೆ ಯಾವ ಅಂಗಡಿಯವರೂ ತೆರೆದುಕೊಡಲಾರರು.

ರೀಸೆಟ್ ಮಾಡಿದ್ರೆ ಕಂಪನಿ ಆ್ಯಪ್‌ಗಳು ವಾಪಸ್ ಬಂದವು. ಹಂಗ್ಯಾಕೆ?

ರೀಸೆಟ್ ಮಾಡುವಾಗ ಲೋಕಲ್ ರೀಇನ್‌ಸ್ಟಾಲ್ ಆರಿಸಿದರೆ ಕಂಪನಿ ಇಟ್ಟ ರಿಕವರಿ ಸರಂಜಾಮಿನಿಂದ ಅವು ಮರಳುತ್ತವೆ. ಪೂರ್ತಿ ಬೋಳು ವಿಂಡೋಸ್ ಬೇಕಾದರೆ ಕನಿಷ್ಠ 8 ಜಿಬಿ ಪೆನ್‌ಡ್ರೈವ್‌ಗೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ವಿಂಡೋಸ್ ಇಳಿಸಿ, ಅದರಿಂದ ಬೂಟ್ ಮಾಡಿ. ಜೊತೆಗೆ ಬಂದ ವಿಂಡೋಸ್‌ನ ಕೀ ಮದರ್‌ಬೋರ್ಡ್‌ನಲ್ಲೇ ಇರುವುದರಿಂದ ಆ್ಯಕ್ಟಿವೇಷನ್ ತಾನಾಗಿ ಆಗುತ್ತದೆ. ಎರಡು ತೊಡಕು ಬರಬಹುದು. ವೈಫೈ ಡ್ರೈವರ್ (ವೈಫೈ ಭಾಗವನ್ನು ನಡೆಸುವ ತಂತ್ರಾಂಶ) ಇಲ್ಲದೆ ಇಂಟರ್ನೆಟ್ ಸಿಗದು, ಮೊದಲೇ ಇಳಿಸಿ ಅದೇ ಪೆನ್‌ಡ್ರೈವ್‌ನಲ್ಲಿಡಿ. ಇಂಟೆಲ್ 11ನೇ ಪೀಳಿಗೆ ಮತ್ತು ನಂತರದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೆಟಪ್‌ಗೆ ಎಸ್‌ಎಸ್‌ಡಿಯೇ ಕಾಣುವುದಿಲ್ಲ. ಡಿಸ್ಕ್ ಹಾಳಾಗಿದೆ ಎಂದುಕೊಳ್ಳಬೇಡಿ, ಇಂಟೆಲ್ ವಿಎಂಡಿ ಡ್ರೈವರನ್ನು ಸೆಟಪ್ ಪರದೆಯ ಲೋಡ್ ಡ್ರೈವರ್ ಮೂಲಕ ಕೊಟ್ಟರೆ ಕಾಣುತ್ತದೆ.

ಎಲ್ಲ ಮಾಡಿದ್ರೂ ಜಾಗ ಸಾಲ್ತಿಲ್ಲ. ದೊಡ್ಡ ಎಸ್‌ಎಸ್‌ಡಿ ಹಾಕಿಸೋದಾ?

ಹೌದು. ಕೊಳ್ಳುವ ಮುಂಚೆ ನಿಮ್ಮ ಮಾದರಿಯ ಸರ್ವಿಸ್ ಮ್ಯಾನುಯಲ್ ನೋಡಿ. ಎಂ.2 ಕಿಂಡಿ (ಚಪ್ಪಟೆ ಎಸ್‌ಎಸ್‌ಡಿ ಸಿಕ್ಕಿಸುವ ಜಾಗ) ಇದೆಯೇ, ಅದು ವೇಗದ ಎನ್‌ವಿಎಂಇ ಬಗೆಯನ್ನು ಒಪ್ಪುತ್ತದೋ ಬರೀ ಹಳೆಯ, ನಿಧಾನದ ಸಾಟಾವೋ, ಉದ್ದ 2280ಓ 2242ಓ. 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ನೋಡಲು ಸಾಟಾ, ಎನ್‌ವಿಎಂಇ ಎರಡೂ ಒಂದೇ ಥರ ಇದ್ದರೂ ಸಾಟಾ ಕಿಂಡಿಗೆ ಎನ್‌ವಿಎಂಇ ಹಾಕಿದರೆ ಕಾಣಿಸುವುದಿಲ್ಲ. ಹಳೆಯ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್‌ಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಡೆಸ್ಕ್‌ಟಾಪ್ ಆದರೆ ಸಾಟಾ ಕೇಬಲ್ ಒಂದು ಬೇರೆ ತರಬೇಕಾದೀತು, ಎಸ್‌ಎಸ್‌ಡಿ ಡಬ್ಬಿಯಲ್ಲಿ ಅದು ಬರುವುದು ಅಪರೂಪ. ಎಂ.2 ಹಿಡಿಯುವ ಪುಟ್ಟ ಸ್ಕ್ರೂ ಲ್ಯಾಪ್‌ಟಾಪ್‌ನಲ್ಲಿದೆಯೇ ನೋಡಿಕೊಳ್ಳಿ. ಅದಿಲ್ಲದೆ ಟೇಪ್ ಅಂಟಿಸಿದರೆ ಬಿಸಿಗೆ ಬಿಟ್ಟುಕೊಳ್ಳುತ್ತದೆ.

ಹಳೇ ಲ್ಯಾಪ್‌ಟಾಪ್ ಮಾರೋ ಮುಂಚೆ ಡಿಲೀಟ್ ಮಾಡಿದ್ರೆ ಸಾಕಾ?

ಸಾಲದು. ರೀಸೆಟ್ ದಿಸ್ ಪಿಸಿ, ರಿಮೂವ್ ಎವೆರಿಥಿಂಗ್, ಚೇಂಜ್ ಸೆಟ್ಟಿಂಗ್ಸ್‌ನಲ್ಲಿ ಕ್ಲೀನ್ ಡೇಟಾಕ್ಕೆ ಯೆಸ್ ಎನ್ನಿ. ಡಿ ಡ್ರೈವ್ ಇದ್ದರೆ ಎಲ್ಲ ಡ್ರೈವ್‌ಗಳಿಗೂ ಅನ್ವಯಿಸುವ ಆಯ್ಕೆಯನ್ನೇ ಹಿಡಿಯಿರಿ. ಹಾರ್ಡ್ ಡಿಸ್ಕ್ ಆದರೆ ಹಲವು ಗಂಟೆ ಹಿಡಿಯುತ್ತದೆ. ಚಾರ್ಜರ್ ಹಾಕಿ ರಾತ್ರಿ ಬಿಟ್ಟರೆ ಬೆಳಗ್ಗೆ ಆಗಿರುತ್ತದೆ.